ತುದಿಯ ಸಕ್ಕರೆ

ಹನಿ ಇನ್ನೂ ಬಿದ್ದಿಲ್ಲ, ಗಾಜಿನ ನಳಿಗೆಯ ಸಪೂರ ತುದಿಯಲ್ಲಿ ದುಂಡಗಾಗುತ್ತ, ಕಿಟಕಿಯ ಬೆಳಕನ್ನೆಲ್ಲ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತ — ಬಿತ್ತು, ಮತ್ತೊಂದು ಮೂಡಿತು, ಇನ್ನೂ ಬರೀ ನೀರೇ, ನಳಿನಿ ನೀರು ಬಿಟ್ಟು ನೋಡುತ್ತಿದ್ದಾಳೆ, ನಳಿಗೆಯೊಳಗೆ ರಾಗಿಗಿಂತ ಸಣ್ಣ ಕಂದು ಮಣಿಗಳು, ಅವನ್ನು ತುಂಬುವಾಗ ಅವಳು ಏನೋ ಗುನುಗುತ್ತಿದ್ದಳು, ಗುನುಗದೆ ಏನು, ನಾಳೆ ಅಹಮದಾಬಾದಿಗೆ ಹೋಗಿ ಅಣುಗಳನ್ನು ತೂಗುವ ಆ ದೊಡ್ಡ ಯಂತ್ರದ ಮುಂದೆ ಕೂರುವವಳು ಅವಳು, ಕಾಮಾಕ್ಷಿಯಲ್ಲ. ಏನಮ್ಮ, ಎಳೇ ಕೂಸನ್ನ ಬರೋಡದಲ್ಲಿ ಬಿಟ್ಟು ಯಾಕೆ ಅಲೀತೀಯ, ನಳಿನಿ ಹೋಗಿಬರಲಿ ಬಿಡು, ಅಂದಿದ್ದರು ಲ್ಯಾಬಿನ ಮುಖ್ಯಸ್ಥ ವೆಂಕಟಾಚಲ ಸರ್, ಕರುಣೆಯಿಂದಲೇ ಅಂದಿದ್ದರು, ಆ ಕರುಣೆ ಇನ್ನೂ ಗಂಟಲಲ್ಲಿ ಮೀನಿನ ಮುಳ್ಳಿನಂತಿದೆ, ಮೀನು ತಿನ್ನದವಳಿಗೂ ಮುಳ್ಳು ಗೊತ್ತು. ಹೆರಿಗೆ ರಜೆಗೆ ಹೋಗುವಾಗ ಈ ಮೇಜು ಕಾಮಾಕ್ಷಿಯದಾಗಿತ್ತು, ಕೆಲಸವೂ ಅವಳದೇ — ಹಾಲಿನೊಳಗಿನ ಸಕ್ಕರೆಗಳ ಸರಪಳಿ, ಅದರ ತುತ್ತತುದಿಯಲ್ಲಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆ, ಯಂತ್ರದ ಲೇಸರ್ ತಾಗಿದೊಡನೆ ಮೊದಲು ಕೈಬಿಡುವುದು ಅದೇ, ಉದುರಿಹೋಗುತ್ತದೆ, ಯಂತ್ರ ಉಳಿದದ್ದನ್ನು ತೂಗಿ ಇದ್ದದ್ದೇ ಇಷ್ಟು ಅನ್ನುತ್ತದೆ, ತುದಿಯಲ್ಲಿ ಒಬ್ಬಳು ನಿಂತಿದ್ದಳು ಅನ್ನುವುದು ಲೆಕ್ಕಕ್ಕೇ ಇಲ್ಲ. ಉದುರದಂತೆ ಮೊದಲೇ ಮೀಥೈಲಿನದೊಂದು ಕುಲಾವಿ ತೊಡಿಸಬೇಕು, ಹಾಗೆ ಕಾಮಾಕ್ಷಿಯೇ ಹೇಳುತ್ತಿದ್ದಳು, ಸೀಮಂತದ ಹಸಿರು ಬಳೆ ತೊಟ್ಟ ಕೈಯಲ್ಲಿ ತೋರಿಸಿ ಹೇಳುತ್ತಿದ್ದಳು, ಕುಲಾವಿ ತೊಟ್ಟ ಮಗುವಿನ ಹಾಗೆ ಬೆಚ್ಚಗೆ ಕೂತಿರುತ್ತದೆ ನೋಡು ನಳಿನಿ. ಮೊನ್ನೆ ಚಹಾದ ಹೊತ್ತಿಗೆ ಸರ್ ಬಾಯಲ್ಲಿ ಕುಲಾವಿ ಬಂತು, ನಮ್ಮ ನಳಿನಿ ಎಷ್ಟು ಚೆನ್ನಾಗಿ ಹೇಳ್ತಾಳೆ ಅಂದರು, ಎಲ್ಲರೂ ನಕ್ಕರು, ಕಾಮಾಕ್ಷಿಯೂ ನಕ್ಕಳು. ನಳಿನಿ ಬರೋಡದಲ್ಲೇ ಹುಟ್ಟಿ ಬೆಳೆದವಳು, ಅಕ್ಕಾ ನೀವು ಕೂತ್ಕೋ, ನಾನು ಚಾಯ್ ತರ್ತಾನೆ, ಅಂತ ಮುರುಕು ಕನ್ನಡದಲ್ಲಿ ಅನ್ನುವವಳು, ಕುಲಾವಿ ಅಂದರೇನೆಂದು ಇವಳಿಂದಲೇ ಕಲಿತವಳು.

ಮತ್ತೊಂದು ಹನಿ. ನೀರಿನದು. ಮೇಜಿನ ಅಂಚಿನಲ್ಲಿ ಮಣಿಗಳ ಹೊಸ ಸೀಸೆ, ಪಕ್ಕದಲ್ಲಿ ಈಗಷ್ಟೇ ಹರಿದ ಅದರ ಸೀಲು — ಕಾಮಾಕ್ಷಿ ಅದನ್ನು ನೋಡಿದ್ದಾಳೆ, ಆಗಲೇ ನೋಡಿದ್ದಾಳೆ. ಹೊಸ ಮಣಿಗಳು ಆಮ್ಲ ಹೊತ್ತೇ ಬರುತ್ತವೆ, ಉಪ್ಪುನೀರಿನಲ್ಲಿ ಅಕ್ಕಿ ತೊಳೆದ ಹಾಗೆ ಮತ್ತೆ ಮತ್ತೆ ತೊಳೆದು ಸೋಡಿಯಂ ಹಿಡಿಸಬೇಕು, ಇಲ್ಲದಿದ್ದರೆ ಸಕ್ಕರೆ ಹೊರಬರುವುದು ಆಮ್ಲವಾಗಿಯೇ, ಕುಲಾವಿ ಕೂರುವುದಿಲ್ಲ, ಸಂಜೆ ಒಣಗಿಸುವಾಗ ತುದಿಯದು ತಾನಾಗಿ ಉದುರುತ್ತದೆ. ಇಷ್ಟು ದಿನ ತೊಳೆದಿಡುತ್ತಿದ್ದವಳು, ರಜೆಗೆ ಮುಂಚೆಯೂ ಸೀಸೆ ತುಂಬ ತೊಳೆದಿಟ್ಟು ಹೋದವಳು ಕಾಮಾಕ್ಷಿ, ನಳಿನಿ ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಈಗಲೂ ಹೇಳಬೇಕಿಲ್ಲ. ಸುಮ್ಮನಿದ್ದರೆ ಸಾಕು, ನಾಳೆ ಯಂತ್ರದೆದುರು ಅವಳ ಬಾಯಿ ಒಣಗುತ್ತದೆ, ಸರ್ ಸಿಡುಕುತ್ತಾರೆ, ಮುಂದಿನ ಸಲ ಕಾಮಾಕ್ಷಿಯೇ ಹೋಗಲಿ ಅನ್ನುತ್ತಾರೆ — ಅಕ್ಕಾ, ಬೇಬಿ ಮಜಾಮಾ? ಮಜಾಮಾ, ಹಾಯಾಗಿದೆ, ಅನ್ನುತ್ತಾಳೆ ಕಾಮಾಕ್ಷಿ. ನಳಿನಿ ಪುಟ್ಟ ಸೀಸೆ ತೆರೆಯುತ್ತಾಳೆ. ಅದರ ಮೇಲೆ ಕಾಮಾಕ್ಷಿಯದೇ ಕೈಬರಹ, ಮೊದಲ ಹಾಲು, ಸೂರತ್. ತವರೂರು ಸೂರತ್ತಿನ ಕತಾರ್‌ಗಾಮಿನ ನರ್ಸಿಂಗ್ ಹೋಮಿನಲ್ಲಿ ಆಗಷ್ಟೇ ಹುಟ್ಟಿದ ತನುವಿಗೆ ಕುಡಿಸಿ ಉಳಿದದ್ದನ್ನು ಬಟ್ಟಲಿಗೆ ಹಿಂಡಿದ್ದು, ದಪ್ಪ, ಹಳದಿ, ಎರಡೇ ಚಮಚ, ಬಾಗಿಲಲ್ಲಿ ನಿಂತ ಅಮ್ಮ, ಇದೆಂಥ ಅವಸ್ಥೆ ಮಾರಾಯ್ತಿ, ಗಿಣ್ಣು ಮಾಡಿ ಅಪ್ಪನ ಹೋಟೆಲಲ್ಲಿ ಮಾರ್ಲಿಕ್ಕುಂಟಾ, ಅಂತ ಬೈದುಕೊಂಡೇ ಹೋಟೆಲಿನಿಂದ ಮಂಜುಗಡ್ಡೆ ತರಿಸಿಕೊಟ್ಟಳು, ಗಂಡ ಅದನ್ನು ಥರ್ಮಾಸಿನಲ್ಲಿಟ್ಟು ಮಡಿಲಲ್ಲಿ ಹಿಡಿದು ರೈಲಿನಲ್ಲಿ ತಂದ. ಮೊದಲ ಹಾಲಿನಲ್ಲಿ ಆ ತುದಿಯ ಸಕ್ಕರೆ ಹೇರಳ, ಆಮೇಲೆ ಕಡಿಮೆಯಾಗುತ್ತ ಹೋಗುತ್ತದೆ, ಮತ್ತೆ ಬೇಕೆಂದರೆ ಇನ್ನೊಂದು ಹೆರಬೇಕು. ಕೊಬ್ಬು ತೆಗೆದು, ಸೋಸಿ, ಈಗ ನೀರಿನಷ್ಟೇ ತಿಳಿಯಾಗಿರುವ ಅದು ನಳಿನಿಯ ಪಿಪೆಟ್ಟಿನೊಳಗೆ ಏರುತ್ತಿದೆ. ಹೇಳಿದರೆ ಹಾಲು ಇವಳದು, ಹೆಸರು ಅವಳದು. ಹೇಳದಿದ್ದರೆ ಹಾಲೂ ಇಲ್ಲ. ಹೋಗಲಿ, ಉದುರಲಿ, ಯಾರಿಗೂ ಬೇಡ, ಅಂದುಕೊಳ್ಳುವಷ್ಟರಲ್ಲಿ ಎದೆಯಲ್ಲಿ ಆ ಜುಮ್ಮೆನ್ನುವಿಕೆ, ಸೂಜಿ ಚುಚ್ಚಿದಂತೆ, ತನು ಮನೆಯಲ್ಲಿ ಎದ್ದಿರಬೇಕು, ಅತ್ತೆಯ ಹೆಗಲ ಮೇಲೆ ಬಾಯಿ ಹುಡುಕುತ್ತಿರಬೇಕು, ಕುಪ್ಪಸ ತೇವವಾಗುತ್ತಿದೆ, ಯಾರನ್ನೂ ಕೇಳದೆ ಇಳಿಯುತ್ತಿದೆ, ಇದಕ್ಕೆ ಹೊಟ್ಟೆಕಿಚ್ಚು ಗೊತ್ತಿಲ್ಲ, ಸೆರಗೆಳೆದು ಮುಚ್ಚಿಕೊಳ್ಳುತ್ತಾಳೆ, ಪಿಪೆಟ್ಟು ನಳಿಗೆಯ ಬಾಯಿಗೆ ಬಂತು, ಒಂದು ಹನಿ ಒಳಗೆ, ಎರಡು — ಮಣಿ ತೊಳೆದಿಲ್ಲ ನಳಿನಿ. ಯಾರ ದನಿ ಅದು, ತನ್ನದೇ, ಒರಟಾಗಿ, ಬೈದ ಹಾಗೆ. ನಳಿನಿ ಥಟ್ಟನೆ ನಳಿಗೆಯ ಮೇಲ್ಬಾಯಿಗೆ ಹೆಬ್ಬೆರಳು ಒತ್ತುತ್ತಾಳೆ, ಹರಿವು ನಿಲ್ಲುತ್ತದೆ. ಅಕ್ಕಾ, ಸೀಲು ತೆಗೀವಾಗ ನೀವು ಇಲ್ಲೇ ಇತ್ತು ನೆ? ಕಾಮಾಕ್ಷಿಯ ಕಣ್ಣು ನಳಿಗೆಯ ಮೇಲೇ ಇದೆ, ಎದೆಯ ಹಾಲು ಇನ್ನೂ ಇಳಿಯುತ್ತಲೇ ಇದೆ, ನಳಿಗೆಯ ಸಪೂರ ತುದಿಯಲ್ಲಿ ಒಂದು ಹನಿ, ದುಂಡಗೆ, ಕಿಟಕಿಯ ಬೆಳಕು ತುಂಬಿಕೊಂಡು, ಬೀಳದೆ, ಒಳಗೂ ಹೋಗದೆ, ಒಂದು ಹನಿ