ಸುಂದರವ್ವ ನೋಡಿಟ್ಟ ಟಿವಿ

ಮದುವೆಯಾದಾಗಿನಿಂದ ಕಲಂಗುಟ್‌ನ ಒಂದೇ ಕೋಣೆಯ ಬಿಡಾರದಲ್ಲಿ ಕಾಲ ಕಳೆದಿದ್ದ ಗೌಂಡಿ ಕಂಠೆಪ್ಪನಿಗೆ ಅಂತೂ ಇಂತೂ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಕಾಲೇಜಿಗೆ ಹೋಗುವ ಮಗಳು ಮೀನಾ ಮುಂದಿನ ಕೋಣೆಗೆ ಮೊದಲ ದಿನವೇ ‘ಹಾಲ್’ ಎಂದು ಹೆಸರಿಟ್ಟುಬಿಟ್ಟಳು. ಹಾಲ್ ಅಂದಮೇಲೆ ಟಿವಿ ಬೇಡವೇ? ಹಳೆಯ ಡಬ್ಬಾ ಟಿವಿ ಸಾಮಾನು ಸಾಗಿಸುವಾಗಲೇ ಪ್ರಾಣ ಬಿಟ್ಟಿತ್ತು. ಹೊಸ ಮನೆಯ ಮೊದಲ ಊಟ, ಜೋಳದ ರೊಟ್ಟಿ, ಬಾಂಗಡೆ ಸಾರು. ಹೊಟ್ಟೆ ತುಂಬ ಉಂಡು ಗೋಡೆಗೆ ಬೆನ್ನು ಕೊಟ್ಟು ಕೂತ ಕಂಠೆಪ್ಪ ಹೆಂಡತಿಗೆ ಹೇಳಿದ:

“ಮನಿ ನಾ ನೋಡೀನಿ. ಟಿವಿ ನೀ ನೋಡು. ಹೊಸಾದು, ಡಬ್ಬಿ ಒಡೀಲಾರದ್ದು. ನೀ ಯಾವದಕ್ಕ ಬಟ್ಟ ಮಾಡಿ ತೋರಸ್ತಿ, ಅದ. ನಾ ನಡಕ ಬಾಯಿ ಹಾಕಾಂವಲ್ಲ.”

ಸುಂದರವ್ವ ಗಂಗಾಳ ತೊಳೆಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. “ಖರೇ ಅಂತೀರೋ, ಉಂಡ ಖುಷಿಗೆ ಅಂತೀರೋ?”

“ಏ, ಖರೇನ ಮಾರಾಯ್ತಿ!”

ಅವಳು ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಕಲಂಗುಟ್‌ನಲ್ಲಿ ಕಟ್ಟಡದ ಕೆಲಸ ಮಾಡುವವರ ಮನೆಗಳನ್ನು ಹೊಕ್ಕು ನೋಡಿದವರಿಗೆ ಗೊತ್ತು. ಮಳೆಗಾಲಕ್ಕೆ ಮುಂಚೆ ಹೋಟೆಲುಗಳು ಬಾಗಿಲು ಹಾಕಿ ರಿಪೇರಿಗೆ ಕೂತಾಗ, ಒಳಗಿನ ಹಳೆಯದೆಲ್ಲ ಹಿಂದಿನ ಗೇಟಿನಿಂದ ಇವರ ಮನೆಗಳಿಗೆ ಬರುತ್ತದೆ. ಕಂಠೆಪ್ಪನ ಮನೆಯ ಹಾಸಿಗೆ ಒಂದು ಹೋಟೆಲಿನದು, ಕನ್ನಡಿ ಇನ್ನೊಂದರದು, ಕಿಟಕಿಯ ಪರದೆ ಮತ್ತೊಂದರದು. ಬಚ್ಚಲ ಬಕೀಟಿನ ಮೇಲೂ ಯಾವುದೋ ರಿಸಾರ್ಟಿನ ಹೆಸರು. ಎಲ್ಲವೂ ಗಟ್ಟಿ ಸಾಮಾನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಸುಂದರವ್ವ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹಗಲೆಲ್ಲ ಪರರು ಹೊದ್ದು ಬಿಟ್ಟ ಚಾದರ ಮಡಚಿ, ಮನೆಗೆ ಬಂದು ಪರರು ಮಲಗಿ ಬಿಟ್ಟ ಹಾಸಿಗೆಯಲ್ಲೇ ಮಲಗಬೇಕು. ಅದನ್ನು ಅವಳು ಎಂದೂ ಬಾಯಿಬಿಟ್ಟು ಅಂದವಳಲ್ಲ. ಕಂಠೆಪ್ಪನೂ ಕೇಳಿದವನಲ್ಲ. ಅವಳ ಧಾರೆ ಸೀರೆಯಿಂದ ಹಿಡಿದು ಈ ಮನೆಯ ತನಕ ಎಲ್ಲ ಆರಿಸಿದವನು ಅವನೇ. ಅವನ ಕಣ್ಣು ಚಲೋ ಇತ್ತು, ಕೈ ಚಲೋ ಇತ್ತು, ಆರಿಸಿದ್ದು ಸುಳ್ಳಾಗುತ್ತಿರಲಿಲ್ಲ. ಹಾಗಾಗಿ ಇನ್ನೊಬ್ಬರನ್ನು ಕೇಳುವ ರೂಢಿಯೇ ಅವನಿಗಿರಲಿಲ್ಲ.

ಸುಂದರವ್ವ ಟಿವಿ ನೋಡಲು ಹೊರಟಳು. ಶುಕ್ರವಾರ ಮಾಪ್ಸಾ ಸಂತೆ. ಪಕ್ಕದ ಮನೆಯ ಮಾಶಾಬಿಯನ್ನು ಕರೆದುಕೊಂಡು ಬಸ್ಸು ಹತ್ತುವಳು, ಒಣಮೀನು, ಕಾಯಿಪಲ್ಲೆ ಎಲ್ಲ ಆಮೇಲೆ, ಮೊದಲು ಟಿವಿ ಅಂಗಡಿ. ಮಾಶಾಬಿಯ ಗಂಡ ಶಫೀಸಾಬ ಟೆಂಪೊ ಓಡಿಸುವವನು. “ಸಾಮಾನು ತರಾಕ ನನ್ನ ಗಾಡಿ ಐತಿ, ನೀವು ಆರಿಸೋದು ಆರಸ್ರಿ” ಎಂದು ಅವನೂ ಹುರುಪು ಕೊಟ್ಟಿದ್ದ.

ಒಂದು ಶುಕ್ರವಾರ ಆಯಿತು, ಇನ್ನೊಂದು ಆಯಿತು. ಟಿವಿ ಬರಲಿಲ್ಲ.

“ಏನ ಸುಂದ್ರೀ, ಹೆಣ್ಣ ನೋಡಾಕ ಹೋದಾವ್ರೂ ಇಷ್ಟ ಸರ್ತಿ ಹೋಗೂದಿಲ್ಲಲ್ಲ!” ಎಂದು ಕಂಠೆಪ್ಪ ನಕ್ಕ.

“ಹೆಣ್ಣ ನೋಡಾಕ ನೀವು ಒಂದ ಸರ್ತಿ ಬಂದಿದ್ರಿ. ಅದಕ್ಕ ಹಿಂಗಾಗೇತಿ ನೋಡ್ರಿ” ಎಂದಳು ಸುಂದರವ್ವ. ಮೀನಾ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು.

ಆ ದಿನಗಳಲ್ಲಿ ಸುಂದರವ್ವ ಹಗುರಾಗಿದ್ದಳು. ಹಿಟ್ಟು ನಾದುತ್ತ ಟಿವಿಯ ಮಾತೇ ಆಡುವಳು. “ಅಂಗಡ್ಯಾಗ ಎಲ್ಲಾ ಟಿವಿಗೂ ಬರೇ ಮೀನು, ಹೂವು, ಗಿಣಿ ಹಚ್ಚಿಟ್ಟಿರ್ತಾರ್ರೀ. ಹೂವು ಯಾವದ್ರಾಗ ಚಂದ ಕಾಣಂಗಿಲ್ಲ? ನಾವೇನ ಹೂವು ನೋಡಾಕ ಟಿವಿ ತರ್ತೀವೇನು?” ಎಂದಳೊಮ್ಮೆ. ಕಂಠೆಪ್ಪ ‘ಹೂಂ’ ಅಂದ. ಅವನ ಲಕ್ಷ್ಯ ಮರುದಿನದ ಟೈಲ್ಸ್ ಕೆಲಸದ ಮೇಲಿತ್ತು.

ಮೂರನೆಯ ಶುಕ್ರವಾರ ಬಾಗಿಲಲ್ಲಿ ಚೀಲ ಇಡುವ ಮೊದಲೇ ಅವಳು ಹೇಳಿದಳು, “ಆತ್ರಿ. ನೋಡಿಟ್ಟು ಬಂದೆ. ಬರೋ ಶುಕ್ರವಾರ ನೀವು ಬರ್ರಿ, ತರೂಣು.”

“ಎಷ್ಟ ದೊಡ್ಡದೈತಿ?”

“ಭಾಳ ದೊಡ್ಡದೇನಲ್ಲ. ನಮ್ಮ ಗ್ವಾಡಿಗೆ ಒಪ್ಪತೈತಿ.”

ಅವನು ಕೇಳಿದ್ದು ಅಷ್ಟೇ. ಇನ್ನೊಂದು ಮಾತು ಕೇಳಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅವನು ಲೆಕ್ಕ ಹಾಕಿದ್ದುಂಟು.

ಮಂಗಳವಾರ ಅವನ ಜೊತೆ ಕೆಲಸ ಮಾಡುವ ಕೇಶಪ್ಪ ಓಡುತ್ತ ಬಂದ. ಕಡಲ ದಂಡೆಯ ಹೋಟೆಲಿನ ಕೋಣೆಗಳಿಗೆಲ್ಲ ಹೊಸ ಟಿವಿ ಬರಲಿವೆ, ಇದ್ದವನ್ನು ಕೆಲಸದವರಿಗೆ ಅಗ್ಗಕ್ಕೆ ಕೊಡುತ್ತಿದ್ದಾರೆ, ತಡಮಾಡಿದರೆ ಸಿಗುವುದಿಲ್ಲ ಎಂದ.

“ಲೇ ಕಂಠಿ, ಹೋಗಿ ನೋಡಲೇ! ಏನ ಟಿವಿ ಅವು! ಒಂದೊಂದು ಬಾಗಲದಷ್ಟು ಅದಾವ!”

“ನಮ್ಮಾಕಿ ಮಾಪ್ಸಾದಾಗ ಒಂದು ನೋಡ್ಯಾಳೋ.”

“ಅಕಿ ನೋಡಿದ್ದಕ್ಕ ಇದು ಎರಡರಷ್ಟೈತಿ. ಸೋವಿ ಬ್ಯಾರೆ. ಕಂಡ್ರ ಕುಣೀತಾಳ ಅಕಿ!”

ಕಂಠೆಪ್ಪ ಹೋಗಿ ನೋಡಿದ. ನೋಡಿದರೆ ಅವನಿಗೂ ಕುಣಿಯಬೇಕೆನಿಸಿತು. ಗಾಜಿನ ಮೇಲೆ ಒಂದು ಗೀರಿರಲಿಲ್ಲ. ಕೊಟ್ಟ ಮಾತು ನೆನಪಿರಲಿಲ್ಲ ಅಂತಲ್ಲ, ನೆನಪಿತ್ತು. ಆದರೆ ಇಷ್ಟು ದೊಡ್ಡದು ಕಂಡಮೇಲೆ ಆ ಮಾತು ಅವನಿಗೆ ಸಣ್ಣದಾಗಿ ತೋರಿತು. ಕೇಶಪ್ಪನೂ ಅವನೂ ಸೇರಿ ಹೊತ್ತು ತಂದರು. ಕಂಠೆಪ್ಪ ತನ್ನ ಕೈಯಾರೆ ಗೋಡೆಗೆ ತೂತು ಹೊಡೆದು, ಮಟ್ಟ ಹಿಡಿದು ನೋಡಿ, ಕೂದಲೆಳೆಯಷ್ಟೂ ವಾರೆಯಾಗದಂತೆ ನೇತು ಹಾಕಿದ. ಬಿದ್ದ ಸಿಮೆಂಟ್ ಪುಡಿಯನ್ನು ತಾನೇ ಗುಡಿಸಿದ. ಮನೆಯಲ್ಲಿ ಅವನು ಕಸಬರಿಗೆ ಹಿಡಿದದ್ದು ಅದೇ ಮೊದಲಿರಬೇಕು.

ಸುಂದರವ್ವ ಲಾಂಡ್ರಿಯಿಂದ ಬಂದು ಬಾಗಿಲಲ್ಲೇ ನಿಂತಳು. ಅರ್ಧ ಗೋಡೆ ಕಪ್ಪಗೆ ಮುಚ್ಚಿಹೋಗಿತ್ತು.

“ಹೆಂಗೈತಿ?” ಎಂದ ಕಂಠೆಪ್ಪ, ಎದೆಯ ಮೇಲೆ ಕೈ ಕಟ್ಟಿಕೊಂಡು.

“ಎಲ್ಲೀದ್ರಿ ಇದು?”

“ಹೋಟೆಲಿಂದು. ನೀ ನೋಡಿದ್ದಕ್ಕಿಂತ ಎರಡರಷ್ಟೈತಿ! ಮೀನಾ, ಹಚ್ಚವಾ, ನಿಮ್ಮವ್ವಗ ತೋರಸು.”

ಮೀನಾ ರಿಮೋಟ್ ಒತ್ತಿದಳು. ಪರದೆ ಬೆಳಗಿತು. ನೀಲಿ ಕಡಲು, ಎರಡು ತೆಂಗಿನ ಮರ, ನಡುವೆ ಇಂಗ್ಲಿಷ್ ಅಕ್ಷರ. ಅಕ್ಷರ ಹೋಗಲೇ ಒಲ್ಲವು.

“ಏನ ಬರದೈತಿ ಅದು?” ಸುಂದರವ್ವ ಕೇಳಿದಳು.

ಮೀನಾ ಅಪ್ಪನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಓದಿ ಹೇಳಿದಳು, “ಎರಡನೂರಾ ಹದಿನಾಕನೇ ರೂಮಿನ ಅತಿಥಿಗಳಿಗೆ ಸ್ವಾಗತ ಅಂತವ್ವಾ. ನೀವು ಇಲ್ಲಿರೋ ತನಕಾ ಸುಖವಾಗಿರ್ರಿ ಅಂತ.”

ಅಷ್ಟರಲ್ಲಿ ಚಾನೆಲ್ ಬಂತು, ಆದರೆ ದನಿ ಪಿಸುಮಾತಿನಷ್ಟೇ. ಮೀನಾ ಎಷ್ಟು ಒತ್ತಿದರೂ ಏರಲಿಲ್ಲ. ಪಕ್ಕದ ಕೋಣೆಯವರ ನಿದ್ದೆ ಕೆಡಬಾರದೆಂದು ಹೋಟೆಲಿನವರು ದನಿಗೆ ಬೀಗ ಹಾಕಿಟ್ಟಿದ್ದರು. ಪರದೆಯ ಮೇಲೆ ಅತ್ತೆ ಸೊಸೆಯರು ಬಾಯಿ ದೊಡ್ಡದು ಮಾಡಿ ಜಗಳಾಡುತ್ತಿದ್ದರೆ, ಹಾಲಿನಲ್ಲಿ ಫ್ಯಾನಿನ ಸಪ್ಪಳವೇ ಜಾಸ್ತಿಯಾಗಿ ಕೇಳುತ್ತಿತ್ತು.

“ಇದೇನ ದೊಡ್ಡ ಮಾತಲ್ಲ, ಬಾಲಪ್ಪಗ ಹೇಳಿ ಸರಿ ಮಾಡಸ್ತೀನಿ” ಎಂದ ಕಂಠೆಪ್ಪ. ಬಾಲಪ್ಪ ಆ ಹೋಟೆಲಿನ ಎಲೆಕ್ಟ್ರಿಷಿಯನ್.

“ಚಲೋ ಐತಿ ಬಿಡ್ರಿ” ಎಂದು ಸುಂದರವ್ವ ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

ಅವಳು ಸಿಟ್ಟಾಗಿದ್ದರೆ ಅವನಿಗೆ ಹಾದಿ ಗೊತ್ತಿತ್ತು. ಜಗಳಾಡಿದರೆ ತಿರುಗಿ ಜಗಳಾಡುವನು, ಅತ್ತರೆ ಜಿಲೇಬಿ ತರುವನು. ‘ಚಲೋ ಐತಿ’ ಅಂದವಳಿಗೆ ಏನು ಮಾಡಬೇಕು?

ಮರುದಿನ ಕೆಲಸಕ್ಕೆ ಹೊರಟವನನ್ನು ಮಾಶಾಬಿ ನಳದ ಹತ್ತಿರ ತಡೆದಳು. ಕೊಡ ತುಂಬುತ್ತಿತ್ತು, ಅವಳ ಬಾಯಿಯೂ ತುಂಬಿತ್ತು.

“ಏನ ಕಂಠೆಪ್ಪಣ್ಣಾ, ಮನ್ಯಾಗ ಥಿಯೇಟರ್ ಮಾಡೀಯಂತ?”

“ಬಾ ಮಾಶಾಬಿ, ನೋಡೀಯಂತ.”

“ನಾ ಯಾಕ ಬರಲಿ? ನಾ ನೋಡಬೇಕಂದಿದ್ದು ಅಂಗಡ್ಯಾಗ ಉಳೀತು.” ಅವಳು ನಳ ಬಂದ್ ಮಾಡಿದಳು. “ಅಲ್ಲಪಾ, ನಿನ್ನ ಹೇಣ್ತಿ ಅಂಗಡ್ಯಾಗ ಹೆಂಗ ಮಾತಾಡಿದ್ಲು, ನಿನಗ ಗೊತ್ತೈತೇನು? ಅಂಗಡಿ ಹುಡುಗ ‘ಯೋ ಯೋ ಮಾವಶಿ’ ಅಂತ ಕೊಂಕಣ್ಯಾಗ ಕರದು ದೊಡ್ಡದರ ಮುಂದ ಕುಂದರಿಸಿದ. ಇಕಿ ‘ಮೀನ ತಗೀಪಾ, ನಮಗ ಮೀನ ಗೊತ್ತೈತಿ. ಮನುಷ್ಯಾರ ಮಾರಿ ಹಚ್ಚು’ ಅಂದ್ಲು. ಅವನ ಕಡಿಂದ ಎಲ್ಲಾದ್ರಾಗೂ ಕನ್ನಡ ವಾರ್ತೆ ಹಚ್ಚಿಸಿದ್ಲು! ‘ಇದ್ರಾಗ ಎಲ್ಲಾರೂ ಅರಿಶಿಣ ಬಡಕೊಂಡಂಗ ಅದಾರ, ಇದ್ರಾಗ ಜ್ವರ ಬಂದಂಗ ಅದಾರ’ ಅಂತ ಒಂದೊಂದ ಬ್ಯಾಡ ಅಂದ್ಲು. ಅಂಗಡ್ಯಾಗಿದ್ದ ಮಂದೆಲ್ಲಾ ಇಕಿ ಹಿಂದ ನಿಂತ್ರು. ಒಬ್ಬಾಕಿ ಮೇಡಂ ಬಂದು, ‘ಬಾಯಿ, ನನಗೂ ಒಂದು ಹೇಳ್ರಿ’ ಅಂತ ಕೇಳಿದ್ಲು. ಅಲ್ಲಾ ಕಸಂ, ನಾ ಇಕಿ ಜೋಡಿ ಬಂದಾಕಿ ಅಂತ ನನಗ ಭಾಳ ಹೆಮ್ಮಿ ಆತು.”

“ಅಷ್ಟ ಮಾತಾಡಿದ್ಲಾ?”

“ಅಷ್ಟಲ್ಲ, ಭಾಳ ಮಾತಾಡಿದ್ಲು. ‘ನಮ್ಮನ್ಯಾಗ ಯಾರೂ ಬಳಸಲಾರದ್ದು ಇದೊಂದ ಬರಾಕತ್ತೈತಿ’ ಅಂತ ಬಸ್ಸಿನಾಗ ಹೇಳಕೋತ ಬಂದ್ಲು.” ಮಾಶಾಬಿ ಕೊಡ ಸೊಂಟಕ್ಕೇರಿಸಿದಳು. “ನೀ ದೊಡ್ಡದು ತಂದೀ ಬಿಡು. ದೊಡ್ಡಂವ ನೀನು.”

ಆ ದಿನ ಕಂಠೆಪ್ಪ ಹಾಕಿದ ಟೈಲ್ಸ್ ಎರಡು ಸಲ ಕಿತ್ತು ಹಾಕಬೇಕಾಯಿತು. ಅವನ ಕಣ್ಣಿಗೆ ಆ ಅಂಗಡಿ ಕಟ್ಟಿತ್ತು. ಮಂದಿ ಹಿಂದೆ ನಿಂತಿದ್ದಾರೆ, ಸುಂದರವ್ವ ನಡುವೆ ಕುರ್ಚಿಯಲ್ಲಿ ಕೂತು ‘ಇದು ಬ್ಯಾಡ, ಅದು ಬ್ಯಾಡ’ ಅನ್ನುತ್ತಿದ್ದಾಳೆ. ಇಷ್ಟು ವರ್ಷ ಒಂದೇ ಗಂಗಾಳದಲ್ಲಿ ಉಂಡರೂ ಆ ದನಿಯನ್ನು ಅವನು ಕೇಳಿರಲಿಲ್ಲ. ಅದನ್ನು ಮಾಶಾಬಿ ಕೇಳಿದ್ದಳು, ಅಂಗಡಿಯ ಹುಡುಗ ಕೇಳಿದ್ದ, ಯಾರೋ ಗುರುತಿಲ್ಲದ ಮೇಡಂ ಕೇಳಿದ್ದಳು.

ಸಂಜೆ ಬಾಲಪ್ಪನನ್ನು ಕರೆತಂದು ದನಿಯ ಬೀಗ ತೆಗೆಸಿದ. ಸ್ವಾಗತದ ಅಕ್ಷರವೂ ಹೋಯಿತು. ಟಿವಿ ಭರ್ಜರಿಯಾಗಿ ಗುಡುಗಿತು. ಮೀನಾ ನೋಡಿದಳು, ಕೇಶಪ್ಪನ ಮನೆಯವರು ಬಂದು ನೋಡಿದರು. ಸುಂದರವ್ವ ಮೆಂತ್ಯಪಲ್ಲೆ ಸೋಸುವುದಿದೆ ಎಂದು ಮಾಶಾಬಿಯ ಹೊಸ್ತಿಲಿಗೆ ಹೋಗಿ ಕೂತಳು. ಕರೆದರೆ ಬರುವಳು, ಒಂದು ಗಳಿಗೆ ನಿಲ್ಲುವಳು, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋಗುವಳು. ಮುಖ ಗಂಟಿಕ್ಕಿರಲಿಲ್ಲ, ಊಟಕ್ಕೆ ಉಪ್ಪು ತಪ್ಪಿರಲಿಲ್ಲ.

ಶುಕ್ರವಾರವೂ ಬಂತು. ಅವಳು ಸಂತೆಗೆ ಹೋಗಿ ಒಣಮೀನು ತಂದಳು. ಟಿವಿ ಅಂಗಡಿಯ ಹೆಸರೆತ್ತಲಿಲ್ಲ.

ಇನ್ನೊಂದು ವಾರ ತಡೆದುಕೊಂಡ ಕಂಠೆಪ್ಪ ಒಂದು ಮುಂಜಾನೆ ಎದ್ದವನೇ ಟಿವಿ ಬಿಚ್ಚಿ ಕೆಳಗಿಳಿಸಿದ. ಕೇಶಪ್ಪನನ್ನು ಕರೆದು, “ಒಯ್ಯಿ, ನಿಮ್ಮ ಹುಡುಗರ ರೂಮಿಗೆ ಹಚಕೋರಿ” ಎಂದ.

“ಯಾಕಲೇ, ಕೆಟ್ಟತೇನು?”

“ಕೆಟ್ಟಿಲ್ಲ. ಒಯ್ಯಿ ಅಂದ್ನೆಲ್ಲ.”

ಒಳಗಿಂದ ಬಂದ ಸುಂದರವ್ವ ಬರಿಗೋಡೆ ನೋಡಿ, “ಅಯ್ಯ, ಯಾಕ ತಗದ್ರಿ? ಮೀನಾ ನೋಡತಿದ್ಲಲ್ಲ” ಎಂದಳು.

“ಇವತ್ತ ಶುಕ್ರವಾರ. ಸೀರಿ ಉಟಕೋ. ನೀ ನೋಡಿದ್ದ ತರೂಣು.”

“ಈಗ್ಯಾಕ್ರಿ? ಇದ್ದದ್ದ ಚಲೋ ಇತ್ತು.”

“ನಡಿ ಅಂದೆ.”

ಅಂದಮೇಲೆ ಅವನಿಗೆ ತನ್ನ ದನಿಯೇ ಕಿವಿಗೆ ಚುಚ್ಚಿತು. ಹೋಗುವ ದಿನವನ್ನೂ ತಾನೇ ಆರಿಸಿಬಿಟ್ಟಿದ್ದ.

ಶಫೀಸಾಬನ ಟೆಂಪೊದಲ್ಲಿ ಮಾಪ್ಸಾಕ್ಕೆ ಹೋದರು. ಅಂಗಡಿಯ ಹುಡುಗ ದೂರದಿಂದಲೇ ಗುರುತು ಹಿಡಿದ. “ಅರೆ ಮಾವಶಿ! ಎಲ್ಲಿ ಹೋಗಿದ್ರಿ? ನೀವು ಹೇಳಿದ್ದು ಎರಡು ವಾರ ಎತ್ತಿಟ್ಟಿದ್ದೆ, ನಿನ್ನೆ ಹೋಯ್ತು” ಎಂದ, ಅರ್ಧ ಹಿಂದಿ, ಅರ್ಧ ಕನ್ನಡ ಬೆರೆಸಿ. “ಚಿಂತೆ ಇಲ್ಲ, ಹೊಸದು ಬಹಳ ಬಂದಾವೆ. ಬನ್ನಿ, ನಿಮಗೆ ನ್ಯೂಸ್ ಹಚ್ಚಲಾ?”

ಕಂಠೆಪ್ಪ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಈಗ ಶುರುವಾಗುತ್ತದೆ ಎಂದುಕೊಂಡ. ಹಿಂದೆ ನಿಂತ ಮಂದಿಯಲ್ಲಿ ತಾನೂ ಒಬ್ಬನಾಗಿ ಕೇಳಬೇಕೆಂದು ಬಂದಿದ್ದ.

“ಏನ ಬ್ಯಾಡಪಾ” ಎಂದಳು ಸುಂದರವ್ವ. “ಯಾವದಾದ್ರೂ ಆತು. ಅವರು ಹೇಳಿದ್ದ ಕೊಡು.”

“ಅಲ್ಲ, ನೀ ನೋಡು. ಸಾವಕಾಶ ನೋಡು” ಎಂದ ಕಂಠೆಪ್ಪ.

“ನನಗೇನ ತಿಳೀತೈತ್ರಿ ಇದರಾಗ? ಎಲ್ಲಾ ಚಲೋನ ಅದಾವ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವನಿಗೆ ತಡೆಯದಾಯಿತು. ತಾನು ಎದುರಿಗಿದ್ದರೆ ಅವಳು ಬಾಯಿ ಬಿಡುವುದಿಲ್ಲ ಎಂದು ಹೊಳೆಯಿತು. “ನಾ ಒಂದ ಚಹಾ ಕುಡದ ಬರ್ತೀನಿ. ನೀ ಆರಿಸಿರು” ಎಂದು ಹೊರಗೆ ಹೋದ.

ಎದುರಿನ ಚಹಾ ಗಾಡಿಯ ಹತ್ತಿರ ನಿಂತರೆ ಅಂಗಡಿಯ ಗಾಜಿನೊಳಗೆಲ್ಲ ಕಾಣುತ್ತಿತ್ತು. ಹುಡುಗ ಕುರ್ಚಿ ಹಾಕಿದ. ಸುಂದರವ್ವ ಕೂತಳು. ಹುಡುಗ ಒಂದು ತೋರಿಸಿದ, ಇನ್ನೊಂದು ತೋರಿಸಿದ, ಕೈ ಬೀಸಿ ಬೀಸಿ ಏನೋ ಹೇಳಿದ. ಕಂಠೆಪ್ಪ ಚಹಾದ ಗ್ಲಾಸು ತುಟಿಗಿಡದೆ ಕಾದ. ಈಗ ಕೈ ಎತ್ತುತ್ತಾಳೆ, ಈಗ ಬೇಡ ಅನ್ನುತ್ತಾಳೆ. ಸುಂದರವ್ವ ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಸುತ್ತ ಅಷ್ಟು ಟಿವಿಗಳು ಉರಿಯುತ್ತಿದ್ದವು. ಅವಳು ಬಾಗಿಲ ಕಡೆಗೆ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಹುಡುಗ ರಸ್ತೆ ದಾಟಿ ಬಂದ. “ಅಂಕಲ್, ಮಾವಶಿ ನಿಮ್ಮನ್ನ ಕರೀತಾರೆ. ನೀವು ಬಂದು ಹೇಳಬೇಕಂತೆ.”

ಚಹಾದಲ್ಲಿ ಕೆನೆ ಕಟ್ಟಿತ್ತು. ಗಾಡಿಯವನಿಗೆ ಗ್ಲಾಸು ಹಾಗೆಯೇ ಹಿಂದಿರುಗಿಸಿ ಕಂಠೆಪ್ಪ ರಸ್ತೆ ದಾಟಿದ. ಅವನು ಒಳಗೆ ಕಾಲಿಡುತ್ತಲೇ ಸುಂದರವ್ವ ಸದ್ಯ ಬಂದರಲ್ಲ ಎಂಬಂತೆ ಎದ್ದು, ಸೆರಗು ಸರಿಮಾಡಿಕೊಂಡು, ಅವನ ಬೆನ್ನ ಹಿಂದೆ ಬಂದು ನಿಂತಳು.