ಸವೇತಾಳ ಬಾಯಿ

ತಾಯಿಯ ಶವಪೆಟ್ಟಿಗೆಯ ಮುಂದಿನ ಹಿಡಿಯನ್ನು ರಫೀಲಾ ಎಡಗಡೆಗೆ ಎಳೆದಳು. ಹೊತ್ತಿದ್ದ ನಾಲ್ವರೂ ತಡವರಿಸಿ ನಿಂತರು. ನೇರ ಹೋದರೆ ಸಿಬಿಯು ಪಟ್ಟಣದ ದೊಡ್ಡ ಚೌಕ. ಎಡಕ್ಕೆ ತಿರುಗಿದರೆ ಕಟುಕರ ಓಣಿ. ಎರಡೂ ಸ್ಮಶಾನಕ್ಕೇ ಹೋಗುವ ದಾರಿಗಳು.

"ಚೌಕ ಬೇಡ. ಅವ್ವ ಕೊನೆಗೆ ಕೇಳಿದ್ದು ಇದೊಂದೇ," ಎಂದಳು.

ಅವಳ ತಂದೆ ಟ್ರಿಫಾನ್, ಎಂಬತ್ತು ದಾಟಿದ ಕಲ್ಲುಕುಟಿಗ, ಊರುಗೋಲನ್ನು ನೆಲಕ್ಕೆ ಕುಟ್ಟಿದ.

"ಓಣಿಯಲ್ಲಿ ಸಾಗಿಸೋಕೆ ಅವಳೇನು ಸತ್ತ ನಾಯಿಯೇನೇ?"

ಪಾದ್ರಿ ಸಿಲ್ವೆಸ್ತ್ರು ದನಿ ತಗ್ಗಿಸಿ ತಿಳಿಯಹೇಳಿದರು. ಸತ್ತವರ ಆತ್ಮ ಆಕಾಶದಲ್ಲಿ ಸುಂಕದ ಕಟ್ಟೆಗಳನ್ನು ದಾಟಬೇಕು. ಮಣ್ಣಿಗೆ ಹೋಗುವ ದಾರಿಯಲ್ಲಿ ಪೆಟ್ಟಿಗೆ ಇಳಿಸಿ ಸುವಾರ್ತೆ ಓದಿದಷ್ಟು ಸಲ ಅಲ್ಲಿ ಒಂದೊಂದು ಬಾಗಿಲು ತೆರೆಯುತ್ತದೆ. ಈ ಊರಿನಲ್ಲಿ ಚೌಕದ ಓದು ತಪ್ಪಿದ್ದು ನೇಣು ಹಾಕಿಕೊಂಡವರಿಗೆ ಮಾತ್ರ.

"ನಿಮ್ಮವ್ವನ್ನ ಆ ಬಾಗಿಲ ಹೊರಗೆ ನಿಲ್ಲಿಸ್ತೀಯೇನಮ್ಮ?"

ರಫೀಲಾ ಹಿಡಿಯನ್ನು ಬಿಡಲಿಲ್ಲ.

*

ಯುದ್ಧ ಮುಗಿದು ಪುರಭವನದ ದುರಸ್ತಿ ನಡೆಯುತ್ತಿದ್ದಾಗ ರಫೀಲಾಳಿಗೆ ಒಂಬತ್ತು ವರ್ಷ. ಅವಳ ತಾಯಿ ಸವೇತಾ ಚೌಕದಲ್ಲಿ ಈರುಳ್ಳಿ, ಸೊಪ್ಪು ಮಾರುತ್ತಿದ್ದಳು. ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಒಂದು ದಿನ ಟ್ರಿಫಾನ್ ಕುಡಿದು ಸಾರುವೆ ಹತ್ತಹೊರಟ. ಕೆಳಗೆ ನಿಂತ ಸವೇತಾ, "ಇಳಿಯೋ, ಮಗೂನ ತಬ್ಬಲಿ ಮಾಡಬೇಡ," ಎಂದು ಇಡೀ ಚೌಕಕ್ಕೆ ಕೇಳುವಂತೆ ಕೂಗಿದಳು. ಕೆಲಸಗಾರರು ನಕ್ಕರು. ಅವನು ಇಳಿದ.

ಆ ಚಳಿಗಾಲದಲ್ಲಿ, ಚಾವಣಿಯ ಮಳೆನೀರನ್ನು ಬಾಯಿಂದ ಹೊರಹಾಕುವ ಕಲ್ಲಿನ ಮುಖವೊಂದನ್ನು ಕೆತ್ತಿ ಪುರಭವನದ ಸೂರಿನಡಿ ಕೂರಿಸಿದ. ಗಲ್ಲದ ಮಚ್ಚೆಯ ಸಮೇತ ಸವೇತಾಳೇ, ಬಾಯಿ ಕಿವಿಯ ತನಕ ಹರಿದುಕೊಂಡು.

ಮೊದಲ ಮಳೆಗೇ ಊರು ಅವಳ ಗುರುತು ಹಿಡಿಯಿತು. ಅಂದಿನಿಂದ ನಾಲ್ಕು ಹನಿ ಬಿದ್ದರೆ ಸಾಕು, "ಸವೇತಾ ಶುರು ಹಚ್ಕೊಂಡಳು, ಒಳಗೆ ನಡೀರಪ್ಪ," ಎನ್ನುವುದು ಚೌಕದ ವಾಡಿಕೆಯಾಯಿತು. ಅವಳು ವ್ಯಾಪಾರ ಬಿಟ್ಟಳು. ನಗುವುದನ್ನೂ ಬಿಟ್ಟಳು. ಕೊನೆಕೊನೆಗೆ ಚರ್ಚಿನಲ್ಲಿ ಕೂಡ ತುಟಿ ಬಿಚ್ಚದೆ ಪ್ರಾರ್ಥಿಸುತ್ತಿದ್ದಳು. ಅವಳ ದನಿ ದೇವರೊಬ್ಬನಿಗೆ ನೆನಪಿದ್ದಿರಬೇಕು.

*

ಅವ್ವ ಆ ಬಾಗಿಲ ಹೊರಗೆ ನಿಂತಂತೆ ಕಂಡು ರಫೀಲಾ ಹಿಡಿಯನ್ನು ಬಿಟ್ಟಳು. ಪೆಟ್ಟಿಗೆ ನೇರ ನಡೆಯಿತು.

ಚೌಕದಲ್ಲಿ ಬಿಸಿಲಿತ್ತು. ಹಳೆಯ ಮನೆಗಳ ಚಾವಣಿಯಲ್ಲಿ ಕಣ್ಣಿನಾಕಾರದ ಬೆಳಕಿಂಡಿಗಳು ಎಂದಿನಂತೆ ಅರೆ ತೆರೆದಿದ್ದವು. ಪುರಭವನದ ಮುಂದೆ ಪೆಟ್ಟಿಗೆ ಇಳಿಸಿದರು. ಗುಂಡಿ ಸೇರುವ ತನಕ ಮುಚ್ಚಳ ಹಾಕುವ ಪದ್ಧತಿ ಅಲ್ಲಿಲ್ಲ. ಪಾದ್ರಿ ಓದತೊಡಗಿದರು. ಜನ ಶಿಲುಬೆಯ ಗುರುತು ಹಾಕಿಕೊಳ್ಳುತ್ತಲೇ ಒಮ್ಮೆ ಮೇಲಿನ ಕಲ್ಲಿನ ಮುಖ ನೋಡಿದರು, ಒಮ್ಮೆ ಪೆಟ್ಟಿಗೆಯೊಳಗೆ ನೋಡಿದರು.

ಟ್ರಿಫಾನ್ ಬಗ್ಗಿ, ಹೆಂಡತಿಯ ಮೂಗಿನಿಂದ ಗದ್ದದವರೆಗೆ ಬೆರಳಿಟ್ಟು ಅಳೆದ. ಆಮೇಲೆ ಬಹಳ ಹೊತ್ತು ಕಲ್ಲನ್ನು ದಿಟ್ಟಿಸಿದ.

"ಗದ್ದ ಉದ್ದ ಆಯ್ತು ಅಂತ ಆವಾಗ ಮೇಸ್ತ್ರಿ ಜಗಳ ತೆಗೆದಿದ್ದ," ಎಂದು ಪಕ್ಕದ ಮನೆಯ ಒಕ್ತಾವಿಯಾಳಿಗೆ ಹೇಳಿದ. "ನೀನೇ ನೋಡು. ಒಂದು ನೂಲು ಹೆಚ್ಚುಕಡಿಮೆ ಇಲ್ಲ."

"ಬಾಯಿ ಮಾತ್ರ ಮುಚ್ಚಿದೆಯಲ್ಲಣ್ಣ," ಎಂದಳು ಒಕ್ತಾವಿಯಾ. "ಪಾಪ, ಇಷ್ಟು ಸುಮ್ಮನಿದ್ದದ್ದು ಇವತ್ತೇ."

ಹಿಂದೆ ನಿಂತವರು ಕರವಸ್ತ್ರದಲ್ಲಿ ನಗು ಒತ್ತಿಕೊಂಡರು.

ಮೂವತ್ತು ವರ್ಷ ತಾಯಿ ನುಂಗಿಕೊಂಡದ್ದೆಲ್ಲ ರಫೀಲಾಳ ಗಂಟಲಿಗೆ ಬಂತು. ತಂದೆಯ ಕಡೆ ತಿರುಗಿ ಬಾಯಿ ತೆರೆದಳು. ಪಾದ್ರಿಯ ಓದು ನಿಂತಿತು. ಜನರ ಕಣ್ಣು ಅವಳ ಬಾಯಿಂದ ಮೆಲ್ಲನೆ ಮೇಲೇರಿ ಸೂರಿನಡಿಯ ಕಲ್ಲಿಗೆ ಹೋಯಿತು. ಅಲ್ಲಿಂದ ಇಳಿದು ಮತ್ತೆ ಅವಳ ಮೇಲೆ ಬಂದು ನಿಂತಿತು.

ಟ್ರಿಫಾನ್ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮಗಳ ಮುಖದ ನೇರಕ್ಕೆ ಹಿಡಿದು, ಅಳತೆ ನೋಡಿ ತಲೆದೂಗಿದ.