ಅಜ್ಜಿಯ ಕೋಣೆಯ ಪೈಪು

ಸತ್ತವರ ಕೋಣೆಯಲ್ಲಿ ತಂಬಿಗೆ ನೀರಿಟ್ಟು, ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ಯಾರೂ ಒಳಗೆ ಕಾಲಿಡದಿರುವುದು ನಮ್ಮ ಮನೆಯ ಪದ್ಧತಿ. ಮೊನ್ನೆಯಷ್ಟೇ ತೀರಿಕೊಂಡ ಅಜ್ಜಿಯ ಕೋಣೆಯಲ್ಲೇ ಪೈಪು ಒಡೆಯಿತು. ಚೆಂಬೂರಿನ ಹಳೆಯ ಬಿಲ್ಡಿಂಗ್. ಕೆಳಮನೆಯ ಛಾವಣಿ ಆಗಲೇ ಉಬ್ಬಿತ್ತು. ತುರ್ತಾಗಿ ಬಂದ ಪ್ಲಂಬರ್ ರೋಶನ್‌ಗೆ ಸೇವಂತಿ ಅತ್ತೆ ಅಡ್ಡ ನಿಂತರು.

“ಹೋಗ್ಬೇಡ ಮಾರಾಯ, ಅಮ್ಮ ಇನ್ನೂ ಒಳಗೇ ಇದ್ದಾರೆ.”

“ಕೆಳಗಿನವರ ತಲೆ ಮೇಲೆ ಸ್ಲ್ಯಾಬ್ ಬಿದ್ರೆ ಅಮ್ಮ ನಿಮ್ಮನ್ನ ಬಿಡ್ತಾರಾ ಅಕ್ಕ?”

ರೋಶನ್ ಚಪ್ಪಲಿ ಕಳಚಿ, ಮುಚ್ಚಿದ ಬಾಗಿಲಿಗೆ ಕೈಮುಗಿದ. “ಅಜ್ಜೀ, ನೀರು ನಿಲ್ಲಿಸ್ಬೇಕಿತ್ತು. ಬರ್ಲಾ?”

ಒಳಗೆ ಸುರಿಯುತ್ತಿದ್ದ ಸದ್ದು ತಟ್ಟನೆ ನಿಂತಿತು.

ಬಾಗಿಲು ತೆರೆದು ನೋಡಿದೆವು. ವಾಲ್ವ್ ಪೂರ್ತಿ ತೆರೆದೇ ಇತ್ತು. ಪೈಪಿನ ಬಾಯ್ಬಿಟ್ಟ ಒಡಕಿನಿಂದ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ.

ಅತ್ತೆ ಅವನನ್ನು ಒಳಗೆ ತಳ್ಳಿದರು.

“ಬೇಗ ಮಾಡು ಮಾರಾಯ. ಅವರಾದ್ರೂ ಎಷ್ಟು ಹೊತ್ತು ಹಿಡ್ಕೊಂಡು ನಿಲ್ತಾರೆ?”